ಕ್ಯಾಲೆಂಡರ್ ಗೋಡೆ ಮೇಲಿಲ್ಲ ಮಿಸ್: ನಾಲ್ಕನೇ ತರಗತಿಯ ಒಂದು ಪ್ರಿಪೊಸಿಷನ್ ಪ್ರಕರಣ

ಇದು ಒಂದು ಸರ್ಕಾರಿ ಕನ್ನಡ ಶಾಲೆಯ ನಾಲ್ಕನೇ ತರಗತಿಯಲ್ಲಿ ಜುಲೈನಿಂದ ದಸರಾ ರಜೆಯವರೆಗೆ ನಡೆದದ್ದು. ಊರು ಮಲೆನಾಡಿನ ಅಂಚಿನಲ್ಲಿದೆ, ಅಷ್ಟು ಹೇಳಿದರೆ ಸಾಕು. ಮಕ್ಕಳ ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಇಂಗ್ಲಿಷ್ ಕಲಿಸುವ ಬೇರೆ ಮೇಷ್ಟ್ರು, ಮಿಸ್‌ಗಳಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಯಾಕಂದ್ರೆ ಇನ್, ಆನ್, ಅಂಡರ್ ಥರದ ಪ್ರಿಪೊಸಿಷನ್, ಅಂದರೆ ಯಾವುದು ಎಲ್ಲಿದೆ ಅಂತ ಹೇಳುವ ಚಿಕ್ಕ ಪದಗಳನ್ನು ಕಲಿಸುವುದು ಒಂದು ವಾರದ ಕೆಲಸ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಆ ವರ್ಷ ಅದಕ್ಕೆ ಎರಡೂವರೆ ತಿಂಗಳು ಹಿಡಿಯಿತು, ಮತ್ತು ಆ ಎರಡೂವರೆ ತಿಂಗಳು ವ್ಯರ್ಥವಾಗಲಿಲ್ಲ.

ತರಗತಿ ಹೇಗಿತ್ತು

23 ಮಕ್ಕಳು. ಹೆಚ್ಚಿನವರ ಮನೆಯಲ್ಲಿ ಕನ್ನಡ, ಇಬ್ಬರ ಮನೆಯಲ್ಲಿ ಉರ್ದು. ತಂದೆ ತಾಯಿ ತೋಟದ ಕೆಲಸಕ್ಕೆ ಹೋಗುವವರು, ಒಂದಿಬ್ಬರು ಆಟೋ ಓಡಿಸುವವರು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಹಾಗಾಗಿ ನಾಲ್ಕಕ್ಕೆ ಬರುವ ಹೊತ್ತಿಗೆ ಈ ಮಕ್ಕಳಿಗೆ ಪದಗಳಿಗೇನೂ ಬರವಿಲ್ಲ. ಬಣ್ಣ, ಪ್ರಾಣಿ, ಹಣ್ಣು, ಮೈಯ ಅಂಗಗಳು, ಎಲ್ಲ ಪಟಪಟ ಹೇಳುತ್ತಾರೆ. ಮೂರನೇ ತರಗತಿಯವರೆಗೆ ನಲಿ-ಕಲಿ ಅನ್ನುವ ಚಟುವಟಿಕೆಯ ಪದ್ಧತಿಯಲ್ಲಿ ಕಾರ್ಡು ಹಿಡಿದು, ಹಾಡಿ ಕುಣಿದು ಕಲಿತವರು, ನಾಚಿಕೆಯೂ ಕಡಿಮೆ.

ಆದರೆ ವಾಕ್ಯ ಇಲ್ಲ. 'ಪೆನ್ ಎಲ್ಲಿದೆ' ಅಂತ ಇಂಗ್ಲಿಷಿನಲ್ಲಿ ಕೇಳಿದರೆ 'ಪೆನ್, ಬ್ಯಾಗ್' ಅಂತ ಹೇಳಿ ಬೆರಳು ತೋರಿಸುತ್ತಾರೆ. ಒಳಗಾ, ಮೇಲಾ, ಹಿಂದಾ ಅನ್ನುವುದನ್ನು ಬೆರಳೇ ಹೇಳಬೇಕು. ನಾಲ್ಕನೇ ತರಗತಿಯಲ್ಲಿ ಪ್ರಿಪೊಸಿಷನ್ ಇಷ್ಟು ಮುಖ್ಯವಾಗುವುದು ಇದಕ್ಕೇ. ಗೊತ್ತಿರುವ ಎರಡು ಹೆಸರುಗಳನ್ನು ಒಂದಕ್ಕೊಂದು ಹೊಲಿಯುವ ದಾರ ಅದು. ಆ ದಾರ ಸಿಕ್ಕರೆ ಮಗು ಅವತ್ತಿನಿಂದ ನೂರು ವಾಕ್ಯ ಹೇಳಬಲ್ಲದು.

ಮೊದಲು ಮಾಡಿದ್ದು

ಎಲ್ಲರೂ ಮಾಡುವುದನ್ನೇ ಮಾಡಿದೆ. ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಎಂಟು ಪದ ಬರೆದು ಗೋಡೆಗೆ ಅಂಟಿಸಿದೆ. ಇನ್ ಅಂದರೆ ಒಳಗೆ, ಅಲ್ಲಿ. ಆನ್ ಅಂದರೆ ಮೇಲೆ. ಅಂಡರ್ ಅಂದರೆ ಕೆಳಗೆ. ಬಿಹೈಂಡ್ ಅಂದರೆ ಹಿಂದೆ. ಹೀಗೆ. ಮಕ್ಕಳು ಅದನ್ನು ಮಗ್ಗಿಯ ರಾಗದಲ್ಲಿ ಎರಡೇ ದಿನಕ್ಕೆ ಬಾಯಿಪಾಠ ಮಾಡಿದರು. ಡಬ್ಬಿಯೊಳಗೆ ಬೆಕ್ಕು, ಡಬ್ಬಿ ಮೇಲೆ ಬೆಕ್ಕು, ಡಬ್ಬಿ ಹಿಂದೆ ಬೆಕ್ಕು ಇರುವ ಚಿತ್ರ ತೋರಿಸಿದರೆ ಸರಿ ಉತ್ತರ. ಖುಷಿಯಾಯಿತು.

ಮುಂದಿನ ವಾರ 'ನಮ್ಮ ತರಗತಿ ಮತ್ತು ಅಂಗಳದ ಬಗ್ಗೆ ಐದು ವಾಕ್ಯ ಬರೆಯಿರಿ' ಅಂದೆ. ನೋಟ್‌ಬುಕ್ ತಿದ್ದಲು ಕೂತಾಗ ಸಿಕ್ಕ ಕೆಲವು ಸಾಲುಗಳು ಇವು:

ದ ಕ್ಯಾಲೆಂಡರ್ ಈಸ್ ಇನ್ ದ ವಾಲ್.
ದ ಫ್ಯಾನ್ ಈಸ್ ಆನ್ ದ ಟೇಬಲ್.
ಮೈ ಬ್ಯಾಗ್ ಬೆಂಚ್ ಅಂಡರ್.
ದ ಮ್ಯಾಂಗೋ ಈಸ್ ಇನ್ ದ ಟ್ರೀ. ದ ಬರ್ಡ್ ಈಸ್ ಆನ್ ದ ಟ್ರೀ.

ಫ್ಯಾನು ಟೇಬಲ್ ಮೇಲಿರಲಿಲ್ಲ. ಟೇಬಲ್ಲಿಗೆ ನೇರ ಮೇಲೆ ಸೂರಿನಲ್ಲಿ ತಿರುಗುತ್ತಿತ್ತು. ಕೆಂಪು ಇಂಕಿನಲ್ಲಿ ತಿದ್ದಿ ಕೊಟ್ಟೆ. ಬಿಟ್ಟ ಸ್ಥಳ ತುಂಬುವ ಅಭ್ಯಾಸ ಎರಡು ದಿನ ಜಾಸ್ತಿ ಮಾಡಿಸಿದೆ. ಮತ್ತೆ ಬರೆಯಿಸಿದೆ. ಅವೇ ತಪ್ಪುಗಳು, ಅವೇ ಜಾಗದಲ್ಲಿ. 23ರಲ್ಲಿ ಐದು ಮಕ್ಕಳು ಮಾತ್ರ ಚಿತ್ರದಾಚೆಗೆ, ಅಂದರೆ ಕಣ್ಣೆದುರಿಗಿನ ವಸ್ತುವಿನ ಬಗ್ಗೆ, ಸರಿಯಾಗಿ ಬರೆದಿದ್ದರು. 'ಗಮನ ಕೊಡ್ತಿಲ್ಲ ನೀವು' ಅಂತ ಮಕ್ಕಳಿಗೆ ಅಂದೆ. ಹಾಗೆ ಅನ್ನಬಾರದಿತ್ತು. ಅವರು ಗಮನ ಕೊಟ್ಟಿದ್ದರು. ನಾನು ಗೋಡೆ ಮೇಲೆ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಅದು ನನಗೆ ಗೊತ್ತಾಗಲು ಇನ್ನೂ ಮೂರು ವಾರ ಬೇಕಾಯಿತು.

ಆಟ ಆಡಿಸಿದೆ, ಆಟ ಮೋಸ ಮಾಡಿತು

ಆಗ ಕೈಗೆತ್ತಿಕೊಂಡದ್ದು ಆಜ್ಞೆಯ ಆಟ. ಜೇಮ್ಸ್ ಆಶರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಮಗು ಮೊದಲು ಕೇಳಲಿ, ಕೇಳಿದ್ದನ್ನು ಮೈಯಿಂದ ಮಾಡಲಿ, ಮಾತು ಆಮೇಲೆ ತಾನಾಗಿ ಬರಲಿ ಅನ್ನುವುದು ಅದರ ತಿರುಳು. ತರಬೇತಿಗಳಲ್ಲಿ ನಾವೆಲ್ಲ ಇದನ್ನು ಮಾಡಿಯೇ ಇರುತ್ತೇವೆ. 'ಪುಟ್ ದ ಬುಕ್ ಇನ್ ದ ಬ್ಯಾಗ್', 'ಪುಟ್ ದ ಪೆನ್ಸಿಲ್ ಆನ್ ದ ಟೇಬಲ್', 'ಸಿಟ್ ಆನ್ ದ ಬೆಂಚ್'. ಮಕ್ಕಳು ಮಿಂಚಿನ ಹಾಗೆ ಮಾಡಿದರು. ನಾಲ್ಕು ದಿನ ನಡೆಯಿತು. ನನಗೆ ಸಮಾಧಾನ.

ಐದನೇ ದಿನ ಬಾಯಿತಪ್ಪಿ 'ಪುಟ್ ದ ಬುಕ್ ಅಂಡರ್ ದ ಬ್ಯಾಗ್' ಅಂದೆ. 23 ಪುಸ್ತಕಗಳೂ ಬ್ಯಾಗಿನ ಒಳಗೆ ಹೋದವು.

ಮತ್ತೆ ನಿಧಾನವಾಗಿ ಹೇಳಿದೆ, 'ಅಂಡರ್' ಅನ್ನುವುದನ್ನು ಒತ್ತಿ ಹೇಳಿದೆ. ಒಂದಿಬ್ಬರು ತಡವರಿಸಿ ಪಕ್ಕದವರನ್ನು ನೋಡಿದರು, ಪಕ್ಕದವರು ಬ್ಯಾಗಿನೊಳಗೇ ಇಟ್ಟಿದ್ದನ್ನು ನೋಡಿ ಇವರೂ ಅಲ್ಲೇ ಬಿಟ್ಟರು. ಆಗ ಹೊಳೆಯಿತು. ಈ ನಾಲ್ಕು ದಿನ ಅವರು ಪ್ರಿಪೊಸಿಷನ್ ಕೇಳಿಸಿಕೊಂಡೇ ಇರಲಿಲ್ಲ. 'ಬುಕ್', 'ಬ್ಯಾಗ್' ಎರಡು ಪದ ಕಿವಿಗೆ ಬಿದ್ದರೆ ಸಾಕು, ಪುಸ್ತಕ ಎಲ್ಲಿಗೆ ಹೋಗಬೇಕು ಅಂತ ಲೋಕಜ್ಞಾನವೇ ಹೇಳುತ್ತದೆ. ಪುಸ್ತಕ ಬ್ಯಾಗಿನೊಳಗೆ ತಾನೇ ಇರುವುದು? ಬೆಂಚಿನ ಮೇಲೆ ತಾನೇ ಕೂರುವುದು? ನಡುವಿನ ಚಿಕ್ಕ ಪದ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಕ್ಕಳು ಬುದ್ಧಿವಂತರು, ಬೇಡದ್ದನ್ನು ಕೇಳಿಸಿಕೊಳ್ಳುವುದಿಲ್ಲ.

ಇಲ್ಲಿ ಮೊದಲ ದೊಡ್ಡ ನಿರ್ಧಾರ. ಅವತ್ತಿನಿಂದ ಒಂದು ಪಾಠಕ್ಕೆ ಎರಡೇ ವಸ್ತು. ಒಂದು ಚಾಕ್‌ಪೀಸ್, ಒಂದು ಕಂಪಾಸ್ ಬಾಕ್ಸ್. ಇಡೀ ನಲವತ್ತು ನಿಮಿಷ ಅವೇ. ಬದಲಾಗುವುದು ಪ್ರಿಪೊಸಿಷನ್ ಒಂದೇ. ಇನ್ ದ ಬಾಕ್ಸ್, ಆನ್ ದ ಬಾಕ್ಸ್, ಅಂಡರ್ ದ ಬಾಕ್ಸ್, ಬಿಹೈಂಡ್ ದ ಬಾಕ್ಸ್. ಈಗ ಆ ಪದ ಕೇಳಿಸಿಕೊಳ್ಳದೆ ಬೇರೆ ದಾರಿಯೇ ಇಲ್ಲ. ಜೊತೆಗೆ ಕಣ್ಣು ಮುಚ್ಚಿ ಕೇಳುವುದು, ಕಣ್ಣು ಮುಚ್ಚಿಯೇ ಚಾಕ್ ಇಡುವುದು, ನಾನು ಚಪ್ಪಾಳೆ ತಟ್ಟಿದ ಮೇಲೆ ಕಣ್ಣು ತೆರೆಯುವುದು. ಪಕ್ಕದವರನ್ನು ನೋಡಿ ಮಾಡುವುದು ನಿಂತಿತು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಅಂತ ನನಗೆ ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಮೊದಲ ದಿನ ಅರ್ಧಕ್ಕರ್ಧ ತಪ್ಪು. ಹತ್ತು ದಿನದ ಹೊತ್ತಿಗೆ ಇಪ್ಪತ್ತು ಮಕ್ಕಳು ನಾಲ್ಕೂ ಪದಗಳನ್ನು ಕೇಳಿ ಸರಿಯಾಗಿ ಮಾಡುತ್ತಿದ್ದರು.

ನಿಮ್ಮ ತರಗತಿಯಲ್ಲಿ ಬೇರೆ ಏನೂ ಬದಲಿಸದಿದ್ದರೂ ಪರವಾಗಿಲ್ಲ, ಇದೊಂದನ್ನು ಮಾಡಿ ನೋಡಿ. ಎರಡೇ ವಸ್ತು, ಮುಚ್ಚಿದ ಕಣ್ಣು.

ಮಲ್ಲಿಯ ಪ್ರಶ್ನೆ

ಆದರೆ ನೋಟ್‌ಬುಕ್ಕಿನಲ್ಲಿ ಕ್ಯಾಲೆಂಡರ್ ಇನ್ನೂ 'ಇನ್ ದ ವಾಲ್' ಆಗಿಯೇ ಇತ್ತು. ಫ್ಯಾನು ಇನ್ನೂ ಟೇಬಲ್ ಮೇಲೇ ಕೂತಿತ್ತು.

ಮಲ್ಲಿ ಅಂತ ಕರೆಯೋಣ ಅವಳನ್ನು. ಮಾತು ಕಡಿಮೆ, ತಿದ್ದಿದ್ದನ್ನು ಎರಡೆರಡು ಸಲ ನೋಡುವ ಹುಡುಗಿ. ಮೂರನೇ ಬಾರಿ ಅವಳ 'ಇನ್ ದ ವಾಲ್' ಹೊಡೆದು 'ಆನ್' ಅಂತ ಬರೆದಾಗ ನೋಟ್‌ಬುಕ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದು ನಿಂತಳು.

'ಮಿಸ್, ಕ್ಯಾಲೆಂಡರ್ ಗೋಡೆ ಮೇಲಿಲ್ಲ.'

'ಮತ್ತೆ ಎಲ್ಲಿದೆ ಪುಟ್ಟಾ?'

'ಗೋಡೇಲಿದೆ.' ಸ್ವಲ್ಪ ಹೊತ್ತು ಯೋಚಿಸಿ ಕಿಟಕಿಯಾಚೆ ಕಾಂಪೌಂಡ್ ತೋರಿಸಿದಳು. 'ಗೋಡೆ ಮೇಲಿರೋದು ಬೆಕ್ಕು.'

ನಿಜವಾಗಿಯೂ ಒಂದು ಬೆಕ್ಕು ಕಾಂಪೌಂಡ್ ಗೋಡೆಯ ತುದಿಯಲ್ಲಿ ಮುದುಡಿ ಕೂತಿತ್ತು. ನಾನು ಏನೂ ಹೇಳಲಾರದೆ ಹೋದೆ. ಅವಳ ಕನ್ನಡದಲ್ಲಿ ಅವಳು ನೂರಕ್ಕೆ ನೂರು ಸರಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಅನ್ನುತ್ತೇವಲ್ಲ, ಅಲ್ಲಿ 'ಮೇಲೆ' ಅಂದರೆ ಗೋಡೆಯ ನೆತ್ತಿ. ಮೊಳೆಗೆ ತೂಗುಹಾಕಿದ ಕ್ಯಾಲೆಂಡರ್ ನೆತ್ತಿಯಲ್ಲಿ ಇಲ್ಲವಲ್ಲ. ಅದು ಗೋಡೆಯಲ್ಲಿದೆ. 'ಅಲ್ಲಿ' ಅಂದರೆ ಇನ್ ಅಂತ ನಾನೇ ಗೋಡೆಗೆ ಅಂಟಿಸಿದ ಹಾಳೆ ಹೇಳುತ್ತದೆ. ಅವಳು ಅದನ್ನು ನೋಡಿಯೇ ಬರೆದಿದ್ದಳು.

'ಗೋಡೆ ಮೇಲೆ ಹಲ್ಲಿ ಅಂತೀವಲ್ಲೇ' ಅಂತ ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಹೌದು, ಹಾಗೂ ಅನ್ನುತ್ತೇವೆ. ಹಲ್ಲಿ ಹತ್ತುತ್ತದೆ, ಹರಿದಾಡುತ್ತದೆ. ಕನ್ನಡಕ್ಕೂ ತನ್ನದೇ ಲೆಕ್ಕಾಚಾರ ಇದೆ, ನಾವು ಅದನ್ನು ಎಣಿಸಿ ನೋಡಿರುವುದಿಲ್ಲ ಅಷ್ಟೇ.

ಅವತ್ತು ಸಂಜೆ ಮನೆಯಲ್ಲಿ ಕೂತು ನಾನು ಇಂಗ್ಲಿಷ್ ಬಿಟ್ಟು ಕನ್ನಡದ ಪಟ್ಟಿ ಮಾಡಿದೆ. ತಟ್ಟೆಯಲ್ಲಿ ಅನ್ನ. ಹಣೆಯಲ್ಲಿ ಕುಂಕುಮ. ಬೆರಳಲ್ಲಿ ಉಂಗುರ. ಕಾಲಲ್ಲಿ ಚಪ್ಪಲಿ. ಗೋಡೆಯಲ್ಲಿ ಗಡಿಯಾರ. ಮರದಲ್ಲಿ ಹಣ್ಣು. ಬಸ್‌ಸ್ಟ್ಯಾಂಡಲ್ಲಿ ಅಪ್ಪ. ಪೆಟ್ಟಿಗೆಯಲ್ಲಿ ದುಡ್ಡು. ಎಲ್ಲದಕ್ಕೂ ಒಂದೇ 'ಅಲ್ಲಿ'. ನಾವು ಶಾಲೆಯಲ್ಲಿ ಸಪ್ತಮಿ ವಿಭಕ್ತಿ ಅಂತ ಓದಿದ್ದು ಇದೇ. ಇಂಗ್ಲಿಷಿಗೆ ಹೋದರೆ ಮೊದಲ ಆರಕ್ಕೂ ಆನ್, ಬಸ್‌ಸ್ಟ್ಯಾಂಡಿಗೆ ಅಟ್, ದುಡ್ಡಿಗೆ ಮಾತ್ರ ಇನ್. ನನ್ನ ಹಾಳೆ 'ಅಲ್ಲಿ' ಎದುರು 'ಇನ್' ಅಂತ ಬರೆದು ಎಂಟರಲ್ಲಿ ಏಳು ಕಡೆ ಮಕ್ಕಳನ್ನು ದಾರಿ ತಪ್ಪಿಸಿತ್ತು. ಹಳಗನ್ನಡದಲ್ಲಿ ಈ 'ಅಲ್ಲಿ' ಜಾಗದಲ್ಲಿ 'ಒಳ್' ಅನ್ನುವ ಪ್ರತ್ಯಯ ಬರುತ್ತಿತ್ತು, ನಮ್ಮ 'ಒಳಗೆ' ಅದೇ ಕುಟುಂಬದ್ದು. ಕನ್ನಡ ಎಷ್ಟೋ ಶತಮಾನಗಳಿಂದ ಒಳಗಿರುವುದು, ತಾಗಿರುವುದು, ಒಂದು ಜಾಗದಲ್ಲಿರುವುದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿಕೊಂಡು ಬಂದಿದೆ.

'ಮೇಲೆ' ಇನ್ನೊಂದು ಬುಟ್ಟಿ. ಟೇಬಲ್ ಮೇಲೆ ಪುಸ್ತಕ, ತಲೆ ಮೇಲೆ ಫ್ಯಾನು. ಒಂದು ತಾಗಿದೆ, ಇನ್ನೊಂದು ತಾಗಿಲ್ಲ, ನಮಗೆ ಎರಡೂ 'ಮೇಲೆ'. ಇಂಗ್ಲಿಷಿಗೆ ಮೊದಲನೆಯದು ಆನ್, ಎರಡನೆಯದು ಅಬೊವ್. ಇನ್ನು ಮಾವಿನಹಣ್ಣು ಮತ್ತು ಹಕ್ಕಿ. ಕನ್ನಡದಲ್ಲಿ ಹಣ್ಣು ಮರದಲ್ಲಿ, ಹಕ್ಕಿ ಮರದ ಮೇಲೆ. ಇಂಗ್ಲಿಷಿನಲ್ಲಿ ಸರಿಯಾಗಿ ತಿರುಗುಮುರುಗು. ಹಣ್ಣು ಆನ್ ದ ಟ್ರೀ, ಹಕ್ಕಿ ಇನ್ ದ ಟ್ರೀ.

ಇದಕ್ಕೆ ತರಗತಿಯಲ್ಲೇ ಒಂದು ಸಾಕ್ಷಿ ಇತ್ತು, ನಾನು ನೋಡಿರಲಿಲ್ಲ. ಉರ್ದು ಮನೆಮಾತಿನ ಹುಡುಗನೊಬ್ಬನಿದ್ದ, ಅಮೀರ್ ಅನ್ನೋಣ. ಇಂಗ್ಲಿಷಿನಲ್ಲಿ ಅವನು ಎಲ್ಲರಿಗಿಂತ ಮುಂದೇನಲ್ಲ, ಓದುವುದು ನಿಧಾನ. ಆದರೆ ಹಳೆಯ ನೋಟ್‌ಬುಕ್‌ಗಳನ್ನು ತೆಗೆದು ನೋಡಿದರೆ ಮೊದಲ ದಿನದಿಂದಲೂ ಅವನ ಕ್ಯಾಲೆಂಡರ್ 'ಆನ್ ದ ವಾಲ್'. ಉರ್ದುವಿನಲ್ಲಿ ಅದು 'ದೀವಾರ್ ಪರ್'. ಪುಸ್ತಕ ಮೇಜಿನ ಮೇಲಿದ್ದರೂ 'ಪರ್', ಕ್ಯಾಲೆಂಡರ್ ಗೋಡೆಯಲ್ಲಿದ್ದರೂ 'ಪರ್'. ಅವನ ಮನೆಮಾತು ಈ ಒಂದು ವಿಷಯದಲ್ಲಿ ಇಂಗ್ಲಿಷಿನ ಹಾಗೆ ವಿಂಗಡಿಸುತ್ತದೆ, ಮಲ್ಲಿಯದು ಬೇರೆ ಥರ. ಯಾರು ಜಾಣರು, ಯಾರು ದಡ್ಡರು ಅನ್ನುವ ಪ್ರಶ್ನೆಯೇ ಇಲ್ಲಿ ಇಲ್ಲ.

ಆಮೇಲೆ ಓದಿ ತಿಳಿದುಕೊಂಡೆ, ಇದು ನಮ್ಮೊಬ್ಬರ ಪಾಡಲ್ಲ. ಸೂಂಜಾ ಚೋಯ್ ಮತ್ತು ಮೆಲಿಸಾ ಬೋವರ್‌ಮನ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮತ್ತು ಕೊರಿಯನ್ ಕಲಿಯುವ ಪುಟ್ಟ ಮಕ್ಕಳನ್ನು ಹೋಲಿಸಿದ್ದಾರೆ. ಇಂಗ್ಲಿಷ್ ಮಕ್ಕಳು ಒಳಗೆ ಇಡುವುದು, ಮೇಲೆ ಇಡುವುದು ಅಂತ ವಿಂಗಡಿಸುವಾಗ ಕೊರಿಯನ್ ಮಕ್ಕಳು ಬಿಗಿಯಾಗಿ ಕೂರುತ್ತದಾ, ಸಡಿಲವಾಗಿ ಇರುತ್ತದಾ ಅಂತ ನೋಡುತ್ತಾರೆ. ಕವರಿನೊಳಗೆ ಕ್ಯಾಸೆಟ್, ಪೆನ್ನಿಗೆ ಮುಚ್ಚಳ, ಎರಡೂ ಬಿಗಿಯಾದ್ದರಿಂದ ಅವರಿಗೆ ಒಂದೇ ಕ್ರಿಯಾಪದ. ಮಾತು ಕಲಿಯುವ ಹೊತ್ತಿನಿಂದಲೇ ಮಗು ತನ್ನ ಭಾಷೆಯ ಕಣ್ಣಿನಿಂದ ಜಾಗವನ್ನು ನೋಡುತ್ತದೆ. ಒಂಬತ್ತು ವರ್ಷದ ಮಲ್ಲಿಗೆ ಆ ಕಣ್ಣು ಚೆನ್ನಾಗಿ ಕೂತಿತ್ತು. ನಾನು ಮಾಡಬೇಕಿದ್ದದ್ದು ಅದನ್ನು ಕೀಳುವುದಲ್ಲ, ಪಕ್ಕದಲ್ಲಿ ಇನ್ನೊಂದನ್ನು ತೆರೆಯುವುದು.

ಹಾಳೆ ಕಿತ್ತೆ

ಮರುದಿನ ಮಕ್ಕಳ ಎದುರೇ ಆ ಹಾಳೆ ಕಿತ್ತೆ. 'ಇದು ಸರಿ ಇಲ್ಲ, ತಪ್ಪು ನನ್ನದು, ಮಲ್ಲಿ ಹಿಡಿದಳು' ಅಂದೆ. ಅವಳು ತಲೆ ತಗ್ಗಿಸಿ ಕೂತಳು, ಆದರೆ ಅವತ್ತಿನಿಂದ ಕೈ ಎತ್ತತೊಡಗಿದಳು.

ಹಾಳೆ ಕಿತ್ತದ್ದು ಎಲ್ಲರಿಗೂ ಹಿಡಿಸಲಿಲ್ಲ. 'ಅರ್ಥ ಬರೆಸದೆ ಹೇಗೆ ಮೇಡಂ, ಪರೀಕ್ಷೆಗೆ ಏನು ಓದ್ತಾವೆ' ಅಂತ ಜೊತೆಯ ಶಿಕ್ಷಕರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ದಸರಾವರೆಗೆ ನೋಡೋಣ, ಆಗದಿದ್ದರೆ ಮತ್ತೆ ಬರೆಸುತ್ತೇನೆ ಅಂತ ಒಪ್ಪಿಸಿದೆ. ಎಂಟು ಪದ ಇದ್ದದ್ದನ್ನು ಇನ್, ಆನ್, ಅಂಡರ್ ಮೂರಕ್ಕೆ ಇಳಿಸಿದೆ. ಬಿಹೈಂಡ್ ಆಟದಲ್ಲಿ ಉಳಿಯಿತು, ಬರವಣಿಗೆಯಲ್ಲಿ ಬೇಡ ಅಂದೆ.

ಈಗ 'ಆನ್ ಅಂದರೆ ಮೇಲೆ' ಅನ್ನುವುದನ್ನು ಮರೆಸುವುದು ಹೇಗೆ? ಅಂಗಡಿಯಿಂದ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ತಂದೆ. ಒಬ್ಬೊಬ್ಬರಿಗೂ ಮೂರು ಬೊಟ್ಟು. 'ಎಲ್ಲಿ ಬೇಕಾದರೂ ಅಂಟಿಸಿ, ಎಲ್ಲಿ ಅಂಟಿಸಿದರೂ ಆನ್' ಅಂದೆ. ಮೊಣಕೈಗೆ, ಬಾಗಿಲಿಗೆ, ಕಿವಿಯ ಹಿಂದೆ, ಬೋರ್ಡಿಗೆ, ಗೋಡೆಗೆ, ಗೆಳತಿಯ ಮೂಗಿಗೆ. 'ಆನ್ ಮೈ ಎಲ್ಬೋ, ಆನ್ ದ ಡೋರ್, ಆನ್ ದ ವಾಲ್, ಆನ್ ಹರ್ ನೋಸ್.' ತರಗತಿ ಕೆಂಪು ಚುಕ್ಕೆಗಳಿಂದ ತುಂಬಿತು. ಗೋಡೆ, ನೆಲ, ಸೂರು ಯಾವುದಾದರೂ ಸರಿ, ತಾಗಿ ನಿಂತಿದೆ ಅಂದರೆ ಆನ್. ಸೂರಿನ ಹಲ್ಲಿ ತಲೆಕೆಳಗಾಗಿದ್ದರೂ ಆನ್. ಎತ್ತರಕ್ಕೂ ಆನ್‌ಗೂ ಸಂಬಂಧ ಇಲ್ಲ.

ಆಗ ಒಬ್ಬ ಹುಡುಗ ಬೆಂಚಿನ ಅಡಿಗೆ ಬಗ್ಗಿ ಹಲಗೆಯ ಕೆಳಮೈಗೆ ಬೊಟ್ಟು ಅಂಟಿಸಿದ. 'ಇದು ಆನಾ ಅಂಡರಾ ಮಿಸ್?'

ನಾನು ಉತ್ತರ ಕೊಡಲಿಲ್ಲ. ಹದಿನೈದು ನಿಮಿಷ ಜಗಳ ನಡೆಯಿತು. ತಾಗಿದೆ, ಹಾಗಾಗಿ ಆನ್ ಅಂತ ಒಂದು ಗುಂಪು. ಬೆಂಚಿನ ಕೆಳಗಿದೆ, ಹಾಗಾಗಿ ಅಂಡರ್ ಅಂತ ಇನ್ನೊಂದು. ಕೊನೆಗೆ ಅಮೀರ್, 'ಎರಡೂ ಮಿಸ್. ತಾಗಿದ್ದಕ್ಕೆ ಆನ್, ಕೆಳಗಿದ್ದಕ್ಕೆ ಅಂಡರ್' ಅಂದ. ಅದೇ ಸರಿ. ಒಂದು ಪದ ತಾಗುವುದನ್ನು ಹೇಳುತ್ತದೆ, ಇನ್ನೊಂದು ದಿಕ್ಕನ್ನು ಹೇಳುತ್ತದೆ. ನಾನು ಬೋರ್ಡಿನ ಮುಂದೆ ನಿಂತು ವಿವರಿಸಿದ್ದರೆ ಇದು ಯಾರ ತಲೆಗೂ ಹೋಗುತ್ತಿರಲಿಲ್ಲ.

'ಇನ್' ಸುಲಭವಾಯಿತು, ಯಾಕಂದ್ರೆ ಆ ಪದ ಅವರ ಬಾಯಲ್ಲಿ ಮೊದಲೇ ಇತ್ತು. ಇನ್‌ಶರ್ಟ್ ಮಾಡು ಅನ್ನುತ್ತೇವಲ್ಲ. ಅಂಗಿಯ ತುದಿ ಪ್ಯಾಂಟಿನೊಳಗೆ ಸೇರಬೇಕು, ಸುತ್ತಲೂ ಪ್ಯಾಂಟು ಇರಬೇಕು. ಸುತ್ತುವರಿದಿದ್ದರೆ ಇನ್. ಅಂಡರ್‌ಪಾಸ್ ಕೂಡ ಗೊತ್ತಿತ್ತು. ಆದರೆ ಆನ್‌ಗೆ ಇದೇ ತೊಡಕಾಯಿತು. ಲೈಟ್ ಆನ್ ಮಾಡು, ಮೋಟಾರ್ ಆನ್ ಆಗಿದೆ ಅಂತ ದಿನಾ ಕೇಳುವ ಮಕ್ಕಳಿಗೆ ಆನ್ ಅಂದರೆ ಚಾಲೂ ಆಗುವುದು. ಅದು ಬೇರೆ ಆನ್ ಅಂತ ಬಿಡಿಸಿ ಹೇಳಬೇಕಾಯಿತು. ನಿಮ್ಮ ಊರಿನ ಮಕ್ಕಳ ಬಾಯಲ್ಲಿ ಇಂಥ ಪದ ಯಾವುವು ಇವೆ ಅಂತ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಮಾವಿನ ಮರಕ್ಕಾಗಿ ಅಂಗಳಕ್ಕೇ ಹೋದೆವು. ಹಣ್ಣು ತೊಟ್ಟಿನಿಂದ ಅಂಟಿಕೊಂಡಿದೆ, ಆನ್. ಹಕ್ಕಿ ಎಲೆಗಳ ನಡುವೆ ಅಡಗಿದೆ, ಸುತ್ತಲೂ ಮರ, ಇನ್. 'ಹಕ್ಕೀನೂ ಕೊಂಬೆಗೆ ತಾಗಿದೆಯಲ್ಲ' ಅಂದಳು ಮಲ್ಲಿ. ಹೌದು. ಕೊಂಬೆಗೆ ಆನ್, ಮರಕ್ಕೆ ಇನ್.

ಇದರಿಂದ ಹೊಸ ತಪ್ಪೂ ಹುಟ್ಟಿತು, ಅದನ್ನು ಮುಚ್ಚಿಡಬಾರದು. ಗೋಡೆಗೆ ಒರಗಿಸಿ ನೆಲದ ಮೇಲಿಟ್ಟ ಬ್ಯಾಗಿಗೆ ನಾಲ್ಕು ಮಕ್ಕಳು 'ಆನ್ ದ ವಾಲ್' ಅಂತ ಬರೆದರು. ತಾಗಿದೆ ತಾನೇ? ನನ್ನ ನಿಯಮ ಅರ್ಧ ಮಾತ್ರ ಆಗಿತ್ತು. ಬರೀ ತಾಗಿದರೆ ಸಾಲದು, ಹೊತ್ತಿರಬೇಕು. ಆಮೇಲಿಂದ ಒಂದು ಪ್ರಶ್ನೆ ರೂಢಿಯಾಯಿತು: 'ಇದನ್ನ ಹಿಡ್ಕೊಂಡಿರೋರು ಯಾರು?' ಕ್ಯಾಲೆಂಡರನ್ನು ಹಿಡಿದಿರುವುದು ಗೋಡೆ, ಹಾಗಾಗಿ ಆನ್ ದ ವಾಲ್. ಬ್ಯಾಗನ್ನು ಹೊತ್ತಿರುವುದು ನೆಲ, ಹಾಗಾಗಿ ಆನ್ ದ ಫ್ಲೋರ್. ಫ್ಯಾನನ್ನು ಹಿಡಿದಿರುವುದು ಸೂರು, ಟೇಬಲ್ ಅಲ್ಲ. ಫ್ಯಾನಿನ ತಪ್ಪು ಈ ಪ್ರಶ್ನೆಯಿಂದ ತಾನಾಗಿಯೇ ಕರಗಿತು. 'ಅಬೊವ್' ಅನ್ನುವ ನಾಲ್ಕನೇ ಪದವನ್ನು ಮಕ್ಕಳೇ ಕೇಳಿ ಪಡೆದರು. ಟೇಬಲ್ಲಿಗೂ ಫ್ಯಾನಿಗೂ ಏನಾದರೂ ಸಂಬಂಧ ಹೇಳಬೇಕಲ್ಲ ಮಿಸ್ ಅಂತ.

ಪದ ನಿಲ್ಲುವ ಜಾಗ

'ಬ್ಯಾಗ್ ಬೆಂಚ್ ಅಂಡರ್' ಬೇರೆಯದೇ ತಪ್ಪು. ಅರ್ಥ ಸರಿ ಇದೆ, ಜಾಗ ತಪ್ಪು. ಕನ್ನಡದಲ್ಲಿ ಈ ಚಿಕ್ಕ ಪದ ಹೆಸರಿನ ನಂತರ ಬರುತ್ತದೆ, ಬೆಂಚಿನ ಕೆಳಗೆ. ಇಂಗ್ಲಿಷಿನಲ್ಲಿ ಹೆಸರಿಗಿಂತ ಮೊದಲು. ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ಬರೆಯುವಾಗ ಮತ್ತೆ ಅದೇ.

ನಾಲ್ಕು ಮಕ್ಕಳ ಕೈಗೆ ನಾಲ್ಕು ಚೀಟಿ ಕೊಟ್ಟೆ: ಚಾಕ್‌ಪೀಸ್, ಡಬ್ಬಿ, ಒಳಗೆ, ಇದೆ. ಕನ್ನಡದ ಸಾಲಿನಲ್ಲಿ ನಿಂತರು. ಎದುರಿಗೆ ಇನ್ನು ನಾಲ್ವರು ಇಂಗ್ಲಿಷ್ ಚೀಟಿ ಹಿಡಿದು ನಿಂತರು: ಚಾಕ್, ಈಸ್, ಇನ್, ಬಾಕ್ಸ್. ಒಂದೇ ಅರ್ಥದ ಚೀಟಿಗಳ ನಡುವೆ ಹುರಿ ಕಟ್ಟಿಸಿದೆ. ಚಾಕಿನ ಹುರಿ ನೇರ ಬಂತು. ಉಳಿದ ಮೂರು ಒಂದರ ಮೇಲೊಂದು ಹಾದು ಗಂಟು ಬಿದ್ದ ಹಾಗೆ ಆದವು. ಆಗ ಒಬ್ಬಳು, 'ಮೊದಲನೇ ಅವನು ಅಲ್ಲೇ ಇರಲಿ, ಇವರು ಮೂರು ಜನ ಹಿಂದುಮುಂದು ಆಗಿ' ಅಂದಳು. ಮೂವರೂ ಜಾಗ ಬದಲಿಸಿ ನಿಂತರು. ಹುರಿಗಳೆಲ್ಲ ನೇರವಾದವು.

ಡಬ್ಬಿ, ಒಳಗೆ, ಇದೆ. ಈಸ್, ಇನ್, ಬಾಕ್ಸ್. ಸರಿಯಾಗಿ ಕನ್ನಡಿಯ ಪ್ರತಿಬಿಂಬ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದೇನೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಮಕ್ಕಳು ವಾಕ್ಯ ಬರೆಯುವ ಮೊದಲು ಮೂರು ಬೆರಳು ಎತ್ತಿ ಕೈ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಎರಡು ವಾರದಲ್ಲಿ ಈ ತಪ್ಪು ಹೆಚ್ಚುಕಡಿಮೆ ಹೋಯಿತು. 'ದ' ಬಿಟ್ಟರೆ, ಹೆಚ್ಚು ಹಾಕಿದರೆ ಆಗ ತಿದ್ದಲಿಲ್ಲ. ಬೇಕೆಂದೇ ಬಿಟ್ಟೆ. ಒಂದು ಸಲಕ್ಕೆ ಒಂದು.

ಹಿಂದೆ, ಮುಂದೆ ಕಲಿಸುವಾಗ ಒಂದು ಮಾತು. ಮುಖ ಇರುವ ವಸ್ತುವಿನಿಂದ ಶುರು ಮಾಡಿ. ಬಸ್ಸು, ಎಮ್ಮೆ, ಮನೆ. ಇವುಗಳ ಹಿಂದೆ ಯಾವುದು ಅಂತ ಎಲ್ಲಿ ನಿಂತು ನೋಡಿದರೂ ಗೊತ್ತಾಗುತ್ತದೆ. ಮರಕ್ಕೂ ಚೆಂಡಿಗೂ ಮುಖ ಇಲ್ಲ, ನೋಡುವವರು ಎಲ್ಲಿ ನಿಂತಿದ್ದಾರೆ ಅನ್ನುವುದರ ಮೇಲೆ ಹಿಂದೆ ಮುಂದೆ ಬದಲಾಗುತ್ತದೆ. ಜಾನ್‌ಸ್ಟನ್ ಮತ್ತು ಸ್ಲೋಬಿನ್ ಅನ್ನುವ ಸಂಶೋಧಕರು 1979ರಲ್ಲಿ ನಾಲ್ಕು ಭಾಷೆಗಳ ಮಕ್ಕಳನ್ನು ನೋಡಿದಾಗಲೂ ಇದೇ ಕ್ರಮ ಕಂಡಿತ್ತು. ಒಳಗೆ, ಮೇಲೆ, ಕೆಳಗೆ ಮೊದಲು. ಮುಖವಿಲ್ಲದ ವಸ್ತುವಿನ ಹಿಂದೆ ಮುಂದೆ ಕೊನೆಗೆ. ನಾನು ಮರದಿಂದ ಶುರು ಮಾಡಿ ಒಂದು ದಿನ ಕಳೆದುಕೊಂಡೆ.

ದಸರಾ ಹೊತ್ತಿಗೆ

ರಜೆಗೆ ಮುಂಚೆ ಒಬ್ಬೊಬ್ಬರನ್ನೇ ಕರೆದು ನೋಡಿದೆ. ಕೋಣೆಯಲ್ಲಿ ಹತ್ತು ವಸ್ತು ಹೊಸ ಹೊಸ ಜಾಗದಲ್ಲಿ ಇಟ್ಟು, ಎಲ್ಲಿದೆ ಅಂತ ಇಂಗ್ಲಿಷಿನಲ್ಲಿ ಹೇಳಬೇಕು. ಹತ್ತರಲ್ಲಿ ಎಂಟಾದರೂ ಸರಿ ಹೇಳಿದವರು 17 ಮಕ್ಕಳು. ನಾಲ್ವರು ತಡವರಿಸಿದರೂ ಇನ್, ಆನ್ ತಪ್ಪಿಸಲಿಲ್ಲ. ಇಬ್ಬರಿಗೆ ಆಗಲಿಲ್ಲ. ಒಬ್ಬಳು ಅಪ್ಪ ಅಮ್ಮನ ಜೊತೆ ಕೆಲಸದ ಕಡೆ ಹೋಗಿ ಬಂದು ಮಾಡುತ್ತಾ ಆಗಸ್ಟಿನಲ್ಲಿ ಅರ್ಧ ತಿಂಗಳು ಶಾಲೆಯಲ್ಲೇ ಇರಲಿಲ್ಲ. ಇನ್ನೊಬ್ಬ ಹೇಳಿದ್ದನ್ನೆಲ್ಲ ಕೈಯಲ್ಲಿ ಸರಿಯಾಗಿ ಮಾಡುತ್ತಾನೆ, ಬಾಯಿ ಬಿಡುವುದಿಲ್ಲ. ಅವನಿಗೆ ಅರ್ಥವಾಗಿದೆ. ಆಶರ್ ಹೇಳಿದ ಹಾಗೆ ಮಾತು ತಾನಾಗಿ ಬರಲಿ ಅಂತ ಕಾಯುತ್ತಿದ್ದೇನೆ, ಒತ್ತಾಯ ಮಾಡುತ್ತಿಲ್ಲ.

ಪರೀಕ್ಷೆಯ ಅಂಕದಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಮತ್ತೆ ಡಬ್ಬಿ ಮತ್ತು ಬೆಕ್ಕು ಇತ್ತು, ಅದಕ್ಕೆ ಹಳೆಯ ಬಾಯಿಪಾಠವೇ ಸಾಕಾಗುತ್ತಿತ್ತು. ಹಾಳೆ ಕಿತ್ತದ್ದರಿಂದ ಯಾರ ಅಂಕವೂ ಕಡಿಮೆಯಾಗಲಿಲ್ಲ ಅಂತ ಗೊತ್ತಾದ ಮೇಲೆ ನನ್ನನ್ನು ಪ್ರಶ್ನಿಸಿದ್ದ ಶಿಕ್ಷಕರು ಬೊಟ್ಟಿನ ಪಾಠ ನೋಡಲು ತರಗತಿಗೆ ಬಂದು ಕೂತರು.

ಮತ್ತೆ ಮಾಡುವುದಾದರೆ ಕ್ರಮ ಬದಲಿಸುತ್ತೇನೆ. ಮೊದಲ ವಾರ ಇಂಗ್ಲಿಷೇ ಬೇಡ. ಕನ್ನಡದಲ್ಲಿ ಎಲ್ಲಿದೆ, ಎಲ್ಲಿದೆ ಅಂತ ಕೇಳಿ ಮಕ್ಕಳ ಬಾಯಿಂದಲೇ ಪಟ್ಟಿ ಮಾಡಿಕೊಳ್ಳುತ್ತೇನೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬರಬಾರದು ಅಂತ ನಮಗೆ ಒಂದು ಅಳುಕು ಇರುತ್ತದೆ. ಈ ಪ್ರಕರಣದಲ್ಲಿ ಬೀಗ ತೆಗೆದದ್ದೇ ಕನ್ನಡ. ಮತ್ತೆ ಒಂದೇ ತಪ್ಪು ಮೂರು ಸಲ ಬಂದರೆ ನಾಲ್ಕನೇ ಸಲ ಕೆಂಪು ಇಂಕು ತೆಗೆಯುವುದಿಲ್ಲ, ಮಗುವನ್ನು ಕರೆದು 'ಇದನ್ನ ಕನ್ನಡದಲ್ಲಿ ಹೇಗೆ ಹೇಳ್ತೀಯ' ಅಂತ ಕೇಳುತ್ತೇನೆ. ಮಲ್ಲಿ ಅವಳಾಗಿ ಬಂದು ಕೇಳಿದಳು. ಕೇಳದೆ ಸುಮ್ನೆ ಕೂತ ಮಕ್ಕಳು ಹಿಂದಿನ ವರ್ಷಗಳಲ್ಲಿ ಎಷ್ಟಿದ್ದರೋ.

ಸಮಯದ ಅಟ್, ಆನ್, ಇನ್ ಮುಟ್ಟಲಿಲ್ಲ, ಅದು ಐದನೇ ತರಗತಿಗೆ. ಕನ್ನಡದಲ್ಲಿ ಒಂಬತ್ತು ಗಂಟೆಗೆ, ಜೂನ್‌ನಲ್ಲಿ ಅನ್ನುತ್ತೇವೆ, ಆದರೆ ಸೋಮವಾರಕ್ಕೆ ಏನೂ ಸೇರಿಸುವುದಿಲ್ಲ. 'ಸೋಮವಾರ ಬಾ', ಅಷ್ಟೇ. ಅಲ್ಲಿ 'ಆನ್' ಬೇಕು ಅಂತ ಮಕ್ಕಳಿಗೆ ಹೇಗೆ ಅನಿಸಬೇಕು? ಅದಕ್ಕೆ ಬೇರೆ ದಾರಿ ಹುಡುಕಬೇಕು.

ರಜೆಗೆ ಹೋಗುವ ದಿನ ಆಟೋ ಓಡಿಸುವವರ ಮಗನೊಬ್ಬ ಕೇಳಿದ, 'ಆಟೋಗೆ ಇನ್, ಬಸ್ಸಿಗೆ ಆನ್ ಅಂತ ಪುಸ್ತಕದಲ್ಲಿದೆ, ಎರಡರಲ್ಲೂ ಒಳಗೇ ಕೂರ್ತೀವಲ್ಲ ಮಿಸ್?' ಎದ್ದು ನಿಂತು ನಡೆದಾಡುವಷ್ಟು ಜಾಗ ಇರುವ ಗಾಡಿಗೆ ಇಂಗ್ಲಿಷಿನವರು ಆನ್ ಅನ್ನುತ್ತಾರೆ, ಬಸ್ಸು, ರೈಲು, ವಿಮಾನ, ಮುದುಡಿ ಕೂರುವ ಗಾಡಿಗೆ ಇನ್ ಅನ್ನುತ್ತಾರೆ ಅಂದೆ. ಅವನು ಬಾಗಿಲವರೆಗೆ ಹೋಗಿ ತಿರುಗಿ ಬಂದ. 'ಎತ್ತಿನ ಗಾಡೀಲಿ ಕೂರಲೂಬಹುದು, ನಿಲ್ಲಲೂಬಹುದು. ಅದಕ್ಕೆ?' ಅದಕ್ಕೆ ಎರಡೂ ನಡೆಯುತ್ತದೆ. ನಾನು ಹೇಳಲಿಲ್ಲ. ರಜೆ ಮುಗಿಸಿ ಬರುವಾಗ ಯೋಚಿಸಿಕೊಂಡು ಬಾ ಅಂದೆ.